ಉಸಿರಿರುವಾಗಲೇ ಮನೆಗೆ ಹೋದವರು

ಶಸ್ತ್ರಚಿಕಿತ್ಸೆ ಕಲಿಯಲು ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಸಿಕ್ಕಾಗ ಕೇಳುವ ಮೊದಲ ಪ್ರಶ್ನೆ, "ಸಾರ್, ನೀವು ಎಷ್ಟು ಆಪರೇಷನ್ ಮಾಡಿದ್ದೀರಿ?" ನನಗೆ ಗೊತ್ತಿಲ್ಲ. ಮಾಡಿದ ಆಪರೇಷನ್‌ಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ದೊಡ್ಡ ಹೊಟ್ಟೆಯಂತಾಗಿವೆ. ಮಾಡದೆ ಬಿಟ್ಟ ಒಂದು ಆಪರೇಷನ್ ಮಾತ್ರ ಬಿಡಿಬಿಡಿಯಾಗಿ ನೆನಪಿದೆ. ಅಥವಾ ನೆನಪಿದೆ ಎಂದು ಬಹಳ ಕಾಲ ನಂಬಿದ್ದೆ. ಆ ರೋಗಿ ಬದುಕಿದನೋ ಸತ್ತನೋ, ಸತ್ತಿದ್ದರೆ ನನ್ನಿಂದ ಸತ್ತನೋ ಎಂಬ ಪ್ರಶ್ನೆ ನನ್ನ ಇಡೀ ವೃತ್ತಿಯನ್ನು ಎಳೆದಾಡಿತು. ಅದನ್ನು ಹೇಳುತ್ತೇನೆ. ಬಡ್ತಿ, ವರ್ಗಾವಣೆ, ಸನ್ಮಾನಗಳ ವಿಷಯ ಬೇಡ. ಅವು ಎಲ್ಲರಿಗೂ ಒಂದೇ ಥರ.

ನಾನು ಹೆಚ್ಚಾಗಿ ಎರಡು ಬಗೆಯ ರೋಗಿಗಳ ನಡುವೆ ಕೆಲಸ ಮಾಡಿದೆ. ಮೊದಲು ಅಪಘಾತದಲ್ಲಿ ಪೆಟ್ಟು ತಿಂದವರು. ಆಮೇಲೆ, ಎರಡು ಸಾವಿರದ ನಂತರದ ವರ್ಷಗಳಲ್ಲಿ, ವಿಪರೀತ ತೂಕ ಇಳಿಸಿಕೊಳ್ಳಲು ಜಠರವನ್ನೇ ಚಿಕ್ಕದು ಮಾಡಿಸಿಕೊಳ್ಳುವವರು. ಇವರೆಲ್ಲ ಮನೆಗೆ ಹೋದ ಮೇಲೆ ಏನಾದರು ಎಂದು ಹುಡುಕಿ ತಿಳಿಯುವುದು ನನ್ನ ಸಂಶೋಧನೆ. ನನ್ನ ಹೆಂಡತಿ ಅದನ್ನು ಸಂಶೋಧನೆ ಎಂದು ಕರೆದದ್ದು ನೆನಪಿಲ್ಲ. "ಇವತ್ತು ಯಾವ ಊರು ಸುತ್ತೋದು?" ಎಂದು ಕೇಳುತ್ತಿದ್ದಳು.

ತೊಂಬತ್ತರ ದಶಕದ ಮೊದಲ ಭಾಗದಲ್ಲಿ ನಾನು ಅರಸೀಕೆರೆಯ ಒಂದು ಆಸ್ಪತ್ರೆಯಲ್ಲಿದ್ದೆ. ಅದರ ಹೆಸರು ಬೇಡ. ಜಂಕ್ಷನ್ ಊರು, ಚಲಿಸುವ ರೈಲು ಹತ್ತಲು ಹೋದವರು ಬರುತ್ತಿದ್ದರು. ಸುತ್ತ ತೆಂಗಿನ ತೋಟಗಳು. ಮರದಿಂದ ಬಿದ್ದವರು ಬರುತ್ತಿದ್ದರು. ಉಳಿದಂತೆ ಟೆಂಪೋಗಳು. ಒಳಗೆ ಮೂಟೆ, ಮೂಟೆಯ ಮೇಲೆ ಮನುಷ್ಯರು. ಹೊಟ್ಟೆಯೊಳಗೆ ಏನಾಗಿದೆ ಎಂದು ನೋಡಲು ನಮ್ಮಲ್ಲಿ ಸ್ಕ್ಯಾನ್ ಇರಲಿಲ್ಲ. ಸೂಜಿ ಚುಚ್ಚಿ ಎಳೆಯುವುದು, ರಕ್ತ ಬಂದರೆ ಹೊಟ್ಟೆ ತೆರೆಯುವುದು. ಸಾಮಾನ್ಯವಾಗಿ ಎಡಪಕ್ಕೆಯ ಒಳಗಿರುವ ಗುಲ್ಮ ಸೀಳಿರುತ್ತಿತ್ತು. ನಾವು ಅದನ್ನು ಸ್ಪ್ಲೀನ್ ಎಂದೇ ಕರೆಯುತ್ತಿದ್ದೆವು. ಸೀಳಿದ ಸ್ಪ್ಲೀನನ್ನು ತೆಗೆದು ಬಕೆಟ್ಟಿಗೆ ಹಾಕಿದರೆ ರಕ್ತ ನಿಲ್ಲುತ್ತಿತ್ತು. ರೋಗಿ ಬದುಕುತ್ತಿದ್ದ.

ಅಲ್ಲಿಯ ಹಿರಿಯ ಸರ್ಜನ್ ಶಿವನಂಜಪ್ಪನವರು. ಕೈ ಬಹಳ ಚುರುಕು, ಬಾಯಿ ಇನ್ನೂ ಚುರುಕು. ನಾನು ಮೈಸೂರಿನಲ್ಲಿ ಓದಿ ಬಂದವನು, ವಿದೇಶಿ ಪತ್ರಿಕೆಗಳನ್ನು ತರಿಸಿ ಓದುವವನು ಎಂಬುದು ಅವರಿಗೆ ದಿನವೂ ಒಂದು ತಮಾಷೆ.

"ರಕ್ತ ಬಂದರೆ ತೆರಿ, ತೆರೆದರೆ ಕಟ್ಟು, ಕಟ್ಟಿದರೆ ಮುಚ್ಚು. ಯೋಚನೆ ಮಾಡೋದಕ್ಕೆ ಮೈಸೂರಿದೆಯಲ್ಲಯ್ಯ," ಎನ್ನುತ್ತಿದ್ದರು.

ಇನ್ನೊಂದು ಮಾತನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು: "ನಮ್ಮ ವಾರ್ಡಲ್ಲಿ ಸಾಯೋರೇ ಇಲ್ಲ ಕಣಯ್ಯ."

ನಿಜವೇ. ಸಾಯುವವರು ನಮ್ಮ ವಾರ್ಡಿನಲ್ಲಿ ಸಾಯುತ್ತಿರಲಿಲ್ಲ. ಆಸೆ ಇಲ್ಲ ಎಂದು ಗೊತ್ತಾದ ಕೂಡಲೇ ಮನೆಯವರು ಬಂದು ಕೈ ಕಟ್ಟಿ ನಿಲ್ಲುತ್ತಿದ್ದರು. "ಉಸಿರಿರಂಗೇ ಮನೆಗೆ ಕರ್ಕಂಡೋಗ್ತೀವಿ ಸಾ." ಅಪಘಾತದ ರೋಗಿ ಆಸ್ಪತ್ರೆಯಲ್ಲಿ ಸತ್ತರೆ ಪೋಸ್ಟ್‌ಮಾರ್ಟಂ, ಪೊಲೀಸ್. ಅದಕ್ಕಿಂತ ಮುಖ್ಯವಾಗಿ, ಹೊರಗೆ ಸತ್ತವರ ಹೆಣವನ್ನು ಮನೆಯೊಳಗೆ ತರುವಂತಿಲ್ಲ, ಅಂಗಳದಲ್ಲೇ ಇಳಿಸಬೇಕು. ತಮ್ಮ ಮನುಷ್ಯ ತಮ್ಮ ನಡುಮನೆಯಲ್ಲಿ, ಬಾಯಿಗೆ ಬಿಟ್ಟ ನೀರು ನುಂಗಿ ಹೋಗಬೇಕು. ಅದಕ್ಕಾಗಿ ನಾವು ಗ್ಲೂಕೋಸ್ ಬಾಟಲಿ ತೂಗುಹಾಕಿಯೇ ವ್ಯಾನಿಗೆ ಹತ್ತಿಸಿ ಕಳಿಸುತ್ತಿದ್ದೆವು. ಕಾಗದದಲ್ಲಿ 'ಕೋರಿಕೆಯ ಮೇರೆಗೆ ಬಿಡುಗಡೆ' ಎಂದಾಗುತ್ತಿತ್ತು. ವರ್ಷದ ವರದಿಯಲ್ಲಿ ಅವರೆಲ್ಲ ಬದುಕಿ ಮನೆಗೆ ಹೋದವರ ಸಾಲಿಗೆ ಸೇರುತ್ತಿದ್ದರು. ನಾನು ಇದನ್ನು ಎತ್ತಿ ಆಡಿದಾಗ ಶಿವನಂಜಪ್ಪನವರು, "ಗೇಟು ದಾಟೋವಾಗ ಬದುಕಿದ್ದನೋ ಇಲ್ಲವೋ? ಮತ್ತೆ?" ಎಂದರು. ಅವರು ನಕ್ಕರೋ ಗದರಿದರೋ, ಈಗ ಎರಡೂ ಥರ ನೆನಪಾಗುತ್ತದೆ.

ಮಾದಿಹಳ್ಳಿಯ ತಿಮ್ಮೇಗೌಡ ಬಂದದ್ದು ಆ ಕಾಲದಲ್ಲಿ. ಮೂವತ್ತರ ಆಸುಪಾಸಿನ ಗಟ್ಟಿ ಆಳು. ಹಳೇಬೀಡಿನ ಕಡೆಯಿಂದ ಅರಸೀಕೆರೆ ಮಂಡಿಗೆ ಕೊಬ್ಬರಿ ತರುತ್ತಿದ್ದ ಟೆಂಪೋ ಜಾವಗಲ್ ಹತ್ತಿರ ಮಗುಚಿತ್ತು. ಈತ ಮೂಟೆಗಳ ಮೇಲೆ ಕೂತಿದ್ದವನು. ಮೂಟೆಗಳು ಈತನ ಮೇಲೆ ಬಂದವು. ಎಡಪಕ್ಕೆಯಲ್ಲಿ ನೀಲಿ. ಸೂಜಿಗೆ ರಕ್ತ ಬಂತು, ಸ್ವಲ್ಪವೇ. ನಾಡಿ ಜೋರಾಗಿತ್ತು, ಆದರೆ ಕೈ ಕಾಲು ಬೆಚ್ಚಗಿದ್ದವು. ಖಾಸಗಿ ವೈದ್ಯರೊಬ್ಬರ ಹತ್ತಿರ ಹೊಸದಾಗಿ ಬಂದಿದ್ದ ಅಲ್ಟ್ರಾಸೌಂಡಿನಲ್ಲಿ ನೋಡಿಸಿದೆ. ಸ್ಪ್ಲೀನ್ ಸೀಳಿರುವ ಹಾಗೆ ಕಂಡಿತು, ಚೂರಾಗಿರಲಿಲ್ಲ.

ಆಗ ತಾನೇ ನಾನು ಓದುತ್ತಿದ್ದ ಪತ್ರಿಕೆಗಳಲ್ಲಿ ಹೊಸ ವಾದ ಶುರುವಾಗಿತ್ತು. ಇಂಥ ರೋಗಿಗಳ ಹೊಟ್ಟೆ ತೆರೆಯಬೇಡಿ, ಅಲುಗಾಡದಂತೆ ಮಲಗಿಸಿ, ಬಾಯಿಗೆ ಏನೂ ಕೊಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ಕಾಯಿರಿ. ಸೀಳು ತಾನೇ ಕೂಡಿಕೊಳ್ಳಬಹುದು ಎಂದು. ಸ್ಪ್ಲೀನ್ ಇಲ್ಲದವರಿಗೆ ಮುಂದೆ ಕೆಟ್ಟ ಸೋಂಕು ತಗಲಬಹುದು, ಉಳಿಸಿಕೊಂಡರೆ ಲಾಭ. ಆದರೆ ಕಾಯುವಾಗ ಒಮ್ಮೆಲೇ ಸಿಡಿದು ರಕ್ತ ಹರಿದರೆ ಸಾವು. ನಾನು ಕಾಯುವುದೆಂದು ನಿರ್ಧರಿಸಿದೆ. ಶಿವನಂಜಪ್ಪನವರು ಹುಬ್ಬೇರಿಸಿ, "ನಿನ್ನ ರೋಗಿ, ನಿನ್ನ ತಲೆನೋವು," ಎಂದರು.

ತಿಮ್ಮೇಗೌಡನ ಹೆಂಡತಿ ನಿಂಗಮ್ಮ ಮತ್ತು ಅವಳ ತಮ್ಮ ರಾಜಣ್ಣ ಮಂಚದ ಪಕ್ಕ ನಿಂತಿದ್ದರು. ನಾನು ಹೇಳಿದೆ, "ಆಪರೇಷನ್ ಬೇಡಮ್ಮ. ಸುಮ್ಮನೆ ಮಲಗಿರಲಿ. ನೋಡೋಣ."

"ಬ್ಯಾಡ ಅಂದ್ರೆ?" ಎಂದಳು ನಿಂಗಮ್ಮ.

"ಬೇಡ ಅಷ್ಟೇ. ಕಾಯೋಣ."

ರಾಜಣ್ಣ ಮುಂದೆ ಬಂದ. "ಏನ್ ಸಾ ಕಾಯಾದು? ಆ ಕಡೆ ಮಂಚದವ್ನ ಬಂದೇಟ್ಗೆ ಒಳಿಕ್ಕೆ ಕರ್ಕಂಡೋದ್ರಿ. ನಮ್ಮ ಭಾವಂಗೆ ಅನ್ನಿಲ್ಲ, ನೀರಿಲ್ಲ, ಒಂದು ಗುಳಿಗೆ ಕೊಡ್ಲಿಲ್ಲ ನೀವು."

"ಅದೇ ಚಿಕಿತ್ಸೆ ಕಣಪ್ಪ."

"ನೀರು ಕೊಡ್ದಲೆ ಮಲಗ್ಸಾದಾ?"

ನಾನು ಮತ್ತೆ ವಿವರಿಸಿದೆ. ಸ್ಪ್ಲೀನಿನ ಚಿತ್ರ ಬರೆದೂ ತೋರಿಸಿದೆ ಎಂದು ನೆನಪು. ಅವನು ಚಿತ್ರ ನೋಡಲಿಲ್ಲ, ನನ್ನ ಮುಖ ನೋಡಿದ. ಅಷ್ಟರಲ್ಲಿ ಪಕ್ಕದ ಮಂಚದ ರೋಗಿಯ ಕಡೆಯ ಮುದುಕಿಯೊಬ್ಬಳು ನಿಂಗಮ್ಮನ ಭುಜ ಹಿಡಿದು ಪಿಸುಗುಟ್ಟುತ್ತಿದ್ದಳು. ನಿಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಆಯ್ತು ಬಿಡಿ ಸಾ," ಎಂದ ರಾಜಣ್ಣ ತಗ್ಗಿದ ದನಿಯಲ್ಲಿ. ಅವನಿಗೆ ನನ್ನ ಮೇಲೆ ಮರುಕ ಹುಟ್ಟಿದಂತಿತ್ತು. "ನಿಮ್ಗೂ ಬಾಯ್ಬಿಟ್ಟು ಹೇಳಕ್ಕೆ ಕಷ್ಟ. ಉಸಿರಿರಂಗೇ ಮನೆಗೆ ಕರ್ಕಂಡೋಗ್ತೀವಿ."

ಆ ವಾರ್ಡಿನಲ್ಲಿ ಡಾಕ್ಟರು ಕತ್ತಿ ಹಿಡಿಯದೆ ಸುಮ್ಮನೆ ನಿಂತರೆ ಅದಕ್ಕಿದ್ದ ಅರ್ಥ ಒಂದೇ. ನನಗೆ ಅದು ಹೊಳೆದಿರಲಿಲ್ಲ. ಕೈಬಿಟ್ಟಿಲ್ಲ, ಕೈಬಿಟ್ಟಿಲ್ಲ ಎಂದು ನಾನು ಹೇಳಿದಷ್ಟೂ ಅವರಿಗೆ ಖಾತ್ರಿಯಾಯಿತು. ಕೊನೆಗೆ, ಬೇಕಾದರೆ ಆಪರೇಷನ್ ಮಾಡುತ್ತೇನೆ ಇರಿ ಎಂದೂ ಹೇಳಿದೆ. "ಈಗ ಯಾಕೆ ಸಾ ಕುಯ್ಯಾದು, ಪಾಪ," ಎಂದಳು ನಿಂಗಮ್ಮ. ಸಹಿ ಹಾಕಿದರು. ನಾನು ವ್ಯಾನಿನವರೆಗೂ ಹೋಗಿ, ಅಲುಗಾಡಿಸಬೇಡಿ, ಅಲುಗಾಡಿಸಬೇಡಿ ಎಂದು ಕೂಗಿದೆ. ಶಿವನಂಜಪ್ಪನವರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

ವ್ಯಾನಿನ ಡ್ರೈವರ್ ಬಸವರಾಜು ಸಂಜೆ ಬಂದು ನನಗೆ ಹೇಳಿದ: "ಬಾಗಿಲ ಹತ್ರನೇ ಹೋಯ್ತು ಸಾರ್ ಜೀವ." ಅವನು ಹೀಗೆಯೇ ಹೇಳಿದ ಎಂದು ನಾನು ಬಹಳ ವರ್ಷ ಆಣೆ ಮಾಡಲು ಸಿದ್ಧನಿದ್ದೆ. ಅವನ ಕೈಯಲ್ಲಿದ್ದ ಕಾಫಿ ಲೋಟ ಸಹ ನೆನಪಿದೆ.

ಅದಾದ ಮೇಲೆ ನಾನು ಕಾಯಲಿಲ್ಲ. ಅರಸೀಕೆರೆಯಲ್ಲೂ, ಮುಂದೆ ಸೇರಿದ ದೊಡ್ಡ ಆಸ್ಪತ್ರೆಯಲ್ಲೂ, ಸೂಜಿಗೆ ರಕ್ತ ಬಂದರೆ ಹೊಟ್ಟೆ ತೆರೆದೆ, ಸ್ಪ್ಲೀನ್ ತೆಗೆದೆ. ಪತ್ರಿಕೆಗಳು ಏನಾದರೂ ಹೇಳಲಿ, ಅವರು ಮಾದಿಹಳ್ಳಿಯ ರೋಗಿಯನ್ನು ಕಂಡಿಲ್ಲ ಎಂದುಕೊಂಡೆ. ಬೇಲೂರಿನ ಒಬ್ಬ ಮೇಷ್ಟ್ರಮ್ಮ ಸ್ಕೂಟರಿನಿಂದ ಬಿದ್ದು ಬಂದಿದ್ದರು. ಅವರ ಸ್ಪ್ಲೀನನ್ನೂ ತೆಗೆದೆ. ಕೆಲವು ವರ್ಷದ ನಂತರ ಸಾಮಾನ್ಯ ಜ್ವರವೊಂದು ಅವರನ್ನು ಸಾವಿನ ಬಾಗಿಲಿಗೆ ಒಯ್ದಿತು. ಉಳಿದರು, ಆದರೆ ಬೆರಳ ತುದಿಗಳನ್ನು ಕಳೆದುಕೊಂಡರು. ಸೀಮೆಸುಣ್ಣ ಹಿಡಿಯಲು ಕಷ್ಟ ಎಂದು ಹೇಳಿದರು, ದೂರಾಗಿ ಅಲ್ಲ, ಸುಮ್ಮನೆ. ಅವರ ಸ್ಪ್ಲೀನ್ ತೆಗೆಯಲೇಬೇಕಾಗಿತ್ತೇ? ಇರಬಹುದು. ಅಥವಾ ನಾನು ತೆಗೆದದ್ದು ತಿಮ್ಮೇಗೌಡನ ಭಯದಿಂದ.

ಈ ನಡುವೆ ನಾನು ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೊರಳಿದೆ. ಹೊಟ್ಟೆಯ ಮೇಲೆ ನಾಲ್ಕಾರು ಸಣ್ಣ ತೂತು, ಟಿವಿ ಪರದೆ ನೋಡುತ್ತ ಕೆಲಸ. ಅರಸೀಕೆರೆಯಿಂದ ಚಂದ್ರಶೇಖರಯ್ಯ ಎಂಬ ಕೊಬ್ಬರಿ ವರ್ತಕರು ಬಂದರು. ನಮ್ಮ ತೂಕದ ಯಂತ್ರದ ಮುಳ್ಳು ಅವರನ್ನು ಕಂಡು ಕೊನೆಗೆ ಹೋಗಿ ಅಲ್ಲೇ ನಿಂತುಬಿಟ್ಟಿತು. "ನಮ್ಮ ಮಂಡಿ ಸ್ಕೇಲಲ್ಲಿ ತೂಗಿಸ್ಕೊಂಡೇ ಬಂದಿದ್ದೀನಿ ಸ್ವಾಮಿ, ಹಮಾಲಿಗಳ ಮುಂದೆ ಮಾನ ಹೋಯ್ತು," ಎಂದರು. ಆಪರೇಷನ್ ಚೆನ್ನಾಗಿ ಆಯಿತು. ತೂಕ ಇಳಿಯಿತು, ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತು. ನನ್ನ ಲೆಕ್ಕದಲ್ಲಿ ಅತ್ಯುತ್ತಮ ಫಲಿತಾಂಶ. ಅಷ್ಟಾದರೂ ಮನುಷ್ಯ ತಪಾಸಣೆಗೆ ಬರುವುದನ್ನು ನಿಲ್ಲಿಸಿದರು. ಮನೆಗೇ ಹೋದೆ.

"ಏನು ಹೇಳ್ಲಿ ಸ್ವಾಮಿ," ಎಂದರು. ಅಂಗಿ ಮೈಮೇಲೆ ತೂಗುಹಾಕಿದಂತಿತ್ತು. "ತೂಕ ಇಳೀತು, ಜೊತೆಗೆ ಗೌರವಾನೂ ಇಳೀತು. ಮಂಡೀಲಿ ಎಲ್ಲರೂ ತಗ್ಗಿದ ಧ್ವನೀಲಿ ಮಾತಾಡಿಸ್ತಾರೆ. ನೆಂಟರು ಕಿತ್ತಳೆಹಣ್ಣು ತಂದು ನೋಡ್ಕೊಂಡು ಹೋಗ್ತಾರೆ. ಮಗಳನ್ನ ನೋಡೋಕೆ ಬಂದೋರು ಮಗಳನ್ನ ನೋಡ್ಲಿಲ್ಲ, ನನ್ನ ನೋಡಿದ್ರು. ಹುಡುಗಿ ತಂದೆಗೆ ಏನು ಕಾಯಿಲೆ ಅಂತ ಹೊರಗೆ ಹೋಗಿ ವಿಚಾರಿಸಿದ್ರಂತೆ."

"ಆಪರೇಷನ್ ಆಗಿದೆ ಅಂತ ಹೇಳಬಾರದಿತ್ತೆ?"

ಒಳಗಿನಿಂದ ಅವರ ಹೆಂಡತಿ ಹೇಳಿದರು, "ಅದನ್ನ ಹೇಳಿದ್ರೆ ಯಾವ ಆಪರೇಷನ್ ಅಂತಾರೆ. ಊಟ ಜಾಸ್ತಿ ಆಗಿ ಹೊಟ್ಟೆ ಕುಯ್ಸಿದ್ರು ಅನ್ನೋಕಾಗುತ್ತಾ? ಶಿವರಾತ್ರಿಯಿಂದ ವ್ರತ ಹಿಡಿದವ್ರೆ ಅಂತ ಹೇಳಿದ್ದೀವಿ. ನೀವೂ ಹಂಗೇ ಹೇಳಿ."

ತೂಕ, ಸಕ್ಕರೆ, ರಕ್ತದೊತ್ತಡ ಎಂದು ನಾನು ಅಳೆದುಕೊಂಡಿದ್ದ ಫಲಿತಾಂಶಕ್ಕೂ ಆ ನಡುಮನೆಯಲ್ಲಿ ಕೂತಿದ್ದ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲ. ಅಲ್ಲಿಂದ ನಾನು ಅಪಘಾತದ ಹಳೆಯ ರೋಗಿಗಳ ಮನೆಗಳಿಗೂ ಹೋಗಲು ಶುರು ಮಾಡಿದೆ. 'ಕೋರಿಕೆಯ ಮೇರೆಗೆ ಬಿಡುಗಡೆ'ಯಾದವರು ಏನಾದರು ಎಂದು ಯಾರಾದರೂ ನೋಡಬೇಕಲ್ಲ. ಮಾದಿಹಳ್ಳಿಗೆ ಮಾತ್ರ ಹೋಗಲಿಲ್ಲ. ಅಲ್ಲಿ ಏನಾಯಿತೆಂದು ನನಗೆ ಗೊತ್ತಿತ್ತಲ್ಲ.

ಇದರಲ್ಲಿ ಮೂರ್ಖನಾದದ್ದೂ ಉಂಟು. ಹಾರನಹಳ್ಳಿಯಲ್ಲಿ ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ಒಬ್ಬರಿಗೆ ಕೈ ಮುಗಿದು, "ರಂಗಪ್ಪನವರು ತೀರಿಕೊಂಡ ವಿಷಯ..." ಎಂದೆ. ತಲೆಗೆ ಪೆಟ್ಟಾಗಿ, ಪ್ರಜ್ಞೆ ಇಲ್ಲದೆ ಮನೆಗೆ ಹೋದ ರೋಗಿ ರಂಗಪ್ಪ.

"ನಾನೇ ರಂಗಪ್ಪ," ಎಂದರು ಅವರು ಹೊಗೆ ಬಿಟ್ಟು. "ಯಾವಾಗ ತೀರ್ಕಂಡೆ? ನಮ್ಮೋರು ನಂಗೆ ಹೇಳ್ಲೇ ಇಲ್ವಲ್ಲ!"

ಇಡೀ ಬೀದಿ ನಕ್ಕಿತು. ಆದರೆ ರಂಗಪ್ಪನಂಥವರು ಅಪರೂಪ. ಹೆಚ್ಚಿನ ಮನೆಗಳಲ್ಲಿ ನಾನು ಹೊಸ್ತಿಲು ದಾಟಿದ ಕೂಡಲೇ ಹಾರ ಹಾಕಿದ ಫೋಟೋ ಕಾಣುತ್ತಿತ್ತು. ನೀವೂ ಇಂಥ ಕೆಲಸಕ್ಕೆ ಇಳಿದರೆ ಮೊದಲು ಗೋಡೆ ನೋಡಿ, ಆಮೇಲೆ ಬಾಯಿ ಬಿಡಿ.

ಅಷ್ಟು ಹೊತ್ತಿಗೆ ನಮ್ಮ ದೊಡ್ಡ ಆಸ್ಪತ್ರೆಗೆ ಒಳ್ಳೆಯ ಸ್ಕ್ಯಾನ್ ಬಂದಿತ್ತು. ಕಿರಿಯ ಸರ್ಜನ್‌ಗಳು ಸ್ಪ್ಲೀನ್ ಉಳಿಸಲು ಕಾಯತೊಡಗಿದ್ದರು. ನಾನು ಪ್ರತಿ ಸಲವೂ ಅಡ್ಡಗಾಲು ಹಾಕುತ್ತಿದ್ದೆ. ಒಂದು ದಿನ ರಶ್ಮಿ ಎಂಬ ಕಿರಿಯ ವೈದ್ಯೆ ಒಬ್ಬ ಕಾಲೇಜು ಹುಡುಗಿಯ ಹೊಟ್ಟೆ ತೆರೆಯುವುದು ಬೇಡವೆಂದಳು. ನಾನು ಮಾದಿಹಳ್ಳಿಯ ಕಥೆ ಹೇಳಿದೆ. "ಕಾದು ಒಬ್ಬನನ್ನು ಕಳೆದುಕೊಂಡಿದ್ದೇನಮ್ಮ ನಾನು."

ಅವಳು ವಿನಯದಿಂದಲೇ ಕೇಳಿದಳು, "ಅವರು ತೀರಿಕೊಂಡಿದ್ದು ನೀವು ನೋಡಿದ್ರಾ ಸಾರ್?"

"ಡ್ರೈವರ್ ಹೇಳಿದ."

"ಓ," ಎಂದಳು. ಅಷ್ಟೇ. ಹಳೆಯ ಸಂಶಯವಾದಿ ಎಂದು ಬೀಗುತ್ತಿದ್ದ ನನಗೆ ಆ 'ಓ' ಬಹಳ ದಿನ ಕಿವಿಯಲ್ಲಿ ಉಳಿಯಿತು. ಹುಡುಗಿಯ ಹೊಟ್ಟೆಯನ್ನು ಅಂದು ತೆರೆಯಲಿಲ್ಲ. ರಶ್ಮಿ ಕಾದಳು, ಹುಡುಗಿ ನಡೆದುಕೊಂಡು ಮನೆಗೆ ಹೋದಳು. ಒಬ್ಬಳು ಉಳಿದದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ಹೇಳಿದೆ. ಹೇಳಿದ ಮೇಲೆ, ಒಬ್ಬ ಸತ್ತದ್ದರಿಂದ ಮಾತ್ರ ಹೇಗೆ ಸಾಬೀತಾಯಿತು ಎಂದು ನನ್ನನ್ನೇ ಕೇಳಿಕೊಂಡೆ.

ಅರಸೀಕೆರೆಗೆ ಹೋಗಿ ಬಸವರಾಜುವನ್ನು ಹುಡುಕಿದೆ. ಈಗ ಅವನದೇ ಟ್ಯಾಕ್ಸಿ ಇತ್ತು.

"ಮಾದಿಹಳ್ಳಿ ತಿಮ್ಮೇಗೌಡ ಬಾಗಿಲ ಹತ್ತಿರ ಜೀವ ಬಿಟ್ಟ ಅಂತ ನೀನು ಹೇಳಿದ್ದೆಯಲ್ಲ?"

"ನಾನಾ?" ಎಂದ. ತಲೆ ಕೆರೆದುಕೊಂಡ. "ನಾನ್ಯಾಕೆ ಸಾರ್ ಹಂಗಂತೀನಿ? ಇಳಿಸಿ ಒಳಗೆ ಮಲಗ್ಸಿ ಬಂದೆ. ಅಷ್ಟೊತ್ಗೆ ಅಂಗಳದಾಗೆ ಸುಡಕ್ಕೆ ಅಂತ ಸೌದೆ ಇಳಿಸ್ತಿದ್ರು. ಸೌದೆ ತರ್ಸವ್ರೆ ಅಂದಿರ್ತೀನಿ. ಸತ್ತ ಅಂತ ಅನ್ಲಿಲ್ಲ ಸಾರ್."

ಅವನು ಮರೆತಿದ್ದಾನೋ, ನಾನು ಸೌದೆಯನ್ನು ಸಾವೆಂದು ಮಾಡಿಕೊಂಡೆನೋ? ಬಾಗಿಲು, ಜೀವ ಎಂಬ ಮಾತುಗಳು ಎಲ್ಲಿಂದ ಬಂದವು? ಕಾಫಿ ಲೋಟ ಅಷ್ಟು ಸ್ಪಷ್ಟವಾಗಿದೆಯಲ್ಲ ಎಂದು ವಾದಿಸಿಕೊಂಡೆ. "ನಾನು ಕಾಫಿ ಕುಡಿಯಲ್ಲ ಸಾರ್," ಎಂದ ಬಸವರಾಜು, ಕೇಳುವ ಮೊದಲೇ ಟೀ ತರಿಸುತ್ತ.

ಮರುವಾರ ಹಳೇಬೀಡಿನಲ್ಲಿ ಬಸ್ಸಿಳಿದು, ಬಸ್ಟಾಂಡಿನ ಎದುರು ದಿನಸಿ ಅಂಗಡಿ ಇಟ್ಟಿದ್ದ ಜೈನರೊಬ್ಬರನ್ನು ಮಾದಿಹಳ್ಳಿಯ ತಿಮ್ಮೇಗೌಡರ ಮನೆ ಯಾವುದು ಎಂದು ಕೇಳಿದೆ. "ಯಾವ ತಿಮ್ಮೇಗೌಡರು? ಡೈರಿಗೆ ಹಾಲು ಹಾಕೋರಾ, ಅಣ್ಣ ತಮ್ಮ ಒಟ್ಟಿಗೆ ಇರೋರಾ?" ಎಂದರು. ನನಗೆ ಎರಡೂ ಗೊತ್ತಿರಲಿಲ್ಲ. ಟೆಂಪೋ ಮಗುಚಿ ಪೆಟ್ಟಾಗಿತ್ತಲ್ಲ, ಅವರು ಎಂದೆ. "ಸರಿ, ಅವರೇ. ಈಗ ಮನೇಲೇ ಇರ್ತಾರೆ, ಹೋಗಿ."

ಆ ಕ್ಷಣದಲ್ಲಿ ಸಂತೋಷವಾಗಬೇಕಿತ್ತು. ನನಗೆ ಆದದ್ದು ಗಾಬರಿ. ಆತ ಬದುಕಿದ್ದರೆ, ಇಷ್ಟು ವರ್ಷ ನಾನು ತೆರೆದ ಹೊಟ್ಟೆಗಳು?

ಗದ್ದೆಯ ಅಂಚಿನಲ್ಲಿ ಹೆಂಚಿನ ಮನೆ. ಒಳಗೆ ಕಾಲಿಟ್ಟು ಗೋಡೆ ನೋಡಿದೆ. ಹಾರ ಹಾಕಿದ ಫೋಟೋದಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ. ಅಷ್ಟರಲ್ಲಿ ಹಿತ್ತಲಿನಿಂದ ಹಸುವಿನ ಹಗ್ಗ ಹಿಡಿದು ಬಂದ ಮನುಷ್ಯನ ಗುರುತು ನನಗೆ ಹತ್ತಲಿಲ್ಲ. ಅವನಿಗೂ ಹತ್ತಲಿಲ್ಲ.

"ಅವತ್ತು ನೋಡಿದ್ದು ಕನ್ನಡಕದ ಡಾಕ್ಟ್ರಲ್ವಾ?" ಎಂದ. ಆಗ ನನಗೆ ಕನ್ನಡಕವೇ ಇರಲಿಲ್ಲ.

"ಇವ್ರೇ ಕಣ್ರೀ," ಎಂದಳು ಒಲೆಯ ಮುಂದಿನಿಂದ ನಿಂಗಮ್ಮ. "ವ್ಯಾನ್ ಹಿಂದೆ ಕೂಗ್ಕಂಡು ಓಡಿಬಂದ್ರಲ್ಲ, ಅವ್ರು."

ಅವಳನ್ನು ನಂಬಿದೆ. ನಂಬದೆ ಬೇರೆ ದಾರಿ ಇರಲಿಲ್ಲ. ಹೊಟ್ಟೆ ನೋಡಬಹುದೇ ಎಂದು ಕೇಳಿದೆ. ಬೇರೆ ಎಲ್ಲಾದರೂ ಆಪರೇಷನ್ ಆಗಿದ್ದರೆ ಗಾಯದ ಗುರುತಿರಬೇಕು. ತಿಮ್ಮೇಗೌಡ ಅಂಗಿ ಎತ್ತಿದ. ನಡುವೆ ಗೆರೆ ಇರಲಿಲ್ಲ. ಆದರೆ ಎಡಪಕ್ಕೆಯಲ್ಲಿ ಮಿನುಗುವ ಉದ್ದನೆಯ ಕಲೆಗಳಿದ್ದವು.

"ಇದೇನು?"

"ಬರೆ. ನಾನು ಹಾಕ್ಸಿದ್ದು," ಎಂಬ ದನಿ ಹಿಂದಿನಿಂದ ಬಂತು. ತಿಮ್ಮೇಗೌಡನ ಅಣ್ಣ ಈರೇಗೌಡ ಒಳಗೆ ಬಂದು ಚಾಪೆಯ ಮೇಲೆ ಕೂತ. ನರೆತ ಮೀಸೆ, ದೊಡ್ಡ ಗಂಟಲು. "ಕಾದ ಕಬ್ಬಿಣ ತಾಗಿದ್ದೇ ತಡ, ಒಳಗಿನ ನಂಜೆಲ್ಲ ಇಳೀತು. ಅದರಿಂದ್ಲೇ ಉಳ್ಕಂಡ."

"ಬರೆ ಹಾಕಿದ್ದು ಆಮೇಲೆ. ಅಷ್ಟೊತ್ಗೆ ಕಣ್ಣು ಬಿಟ್ಟಿದ್ರು," ಎಂದಳು ನಿಂಗಮ್ಮ. "ದೇವ್ರು ಉಳಿಸ್ದ."

"ದೇವ್ರಿಗೆ ಬ್ಯಾರೆ ಕೆಲ್ಸ ಇಲ್ವೇನವ್ವ?"

ನಾನು ಆ ದಿನಗಳನ್ನು ಕೇಳಿ ಕೇಳಿ ಜೋಡಿಸಿಕೊಂಡೆ. ಮನೆಗೆ ತಂದು ನಡುಮನೆಯಲ್ಲಿ ಮಲಗಿಸಿದರು. ಸಾಯುವವನನ್ನು ಯಾಕೆ ನೋಯಿಸುವುದೆಂದು ಯಾರೂ ಎತ್ತಿ ಕೂರಿಸಲಿಲ್ಲ, ಮಗ್ಗುಲು ಬದಲಿಸಲಿಲ್ಲ. ಊಟ ಕೊಡಲಿಲ್ಲ, ತುಟಿಗೆ ಹತ್ತಿಯಲ್ಲಿ ನೀರು ಒತ್ತಿದರು. ಸದಾ ಒಬ್ಬರು ಪಕ್ಕದಲ್ಲಿ ಕೂತು ಉಸಿರು ನೋಡಿದರು. ನಾನು ವಾರ್ಡಿನಲ್ಲಿ ಮಾಡಬೇಕೆಂದು ಬೇಡಿಕೊಂಡದ್ದನ್ನೆಲ್ಲ, ನನ್ನ ನರ್ಸುಗಳು ಮಾಡುತ್ತಿದ್ದುದಕ್ಕಿಂತ ಕಟ್ಟುನಿಟ್ಟಾಗಿ, ಅವನು ಸಾಯಲೆಂದು ಕಾಯುತ್ತ ಈ ಮನೆಯವರು ಮಾಡಿದ್ದರು. ದಿನ ಕಳೆದಂತೆ ಅವನು ಅನ್ನ ಕೇಳಿದ. ತಂದ ಸೌದೆಯಲ್ಲಿ ಅಡಿಗೆ ಮಾಡಿದರು.

ನಾನು ಉತ್ಸಾಹದಿಂದ ಹೇಳಹೊರಟೆ. "ನೋಡಿ, ಅವತ್ತು ನಾವು ಕೈಬಿಟ್ಟಿರಲಿಲ್ಲ. ಅಲುಗಾಡದೆ ಮಲಗಿಸೋದೇ ಚಿಕಿತ್ಸೆ. ನಿಮ್ಮವರು..."

ನಿಂಗಮ್ಮ ಸೌಟು ಹಿಡಿದೇ ನನ್ನ ಕಡೆ ನೋಡಿ ಬೇಡವೆಂಬಂತೆ ತಲೆಯಾಡಿಸಿದಳು. ನಾನು ಅರ್ಧಕ್ಕೆ ನಿಲ್ಲಿಸಿದೆ. ನೀರು ಕೊಡುವ ನೆಪದಲ್ಲಿ ಹತ್ತಿರ ಬಂದು, "ಆಗ ಅಣ್ಣ ತಮ್ಮ ಮಾತು ಬಿಟ್ಟು ಏಸೋ ವರ್ಸ ಆಗಿತ್ತು ಸಾ," ಎಂದಳು ತಗ್ಗಿದ ದನಿಯಲ್ಲಿ. "ಇವ್ರು ಹೋಗೋ ಹಂಗವ್ರೆ ಅಂತ ಹೇಳಿ ಕಳಿಸಿದ್ಕೇ ಅವ್ರು ಈ ಹೊಸ್ಲು ತುಳಿದಿದ್ದು. ನೀರು ಒತ್ತಿದ್ದೆಲ್ಲ ಅವ್ರೇ."

ಆದರೆ ಈರೇಗೌಡನ ಕಿವಿಗೆ ನನ್ನ ಅರ್ಧ ಮಾತು ಬಿದ್ದಾಗಿತ್ತು. ಅವನು ನೇರ ಕೂತ.

"ಡಾಕ್ಟ್ರೇ, ಈ ಮಾತು ಯಾರನ್ನಾದ್ರೂ ಕೇಳ್ಬೇಕು ಅಂತ ಬಾಳ ದಿವ್ಸದಿಂದ ಇತ್ತು. ನೀವೇ ಬಂದಿದ್ದೀರಿ. ಅವತ್ತು ಇವ್ನು ನಿಜವಾಗ್ಲೂ ಸಾಯೋ ಹಂಗಿದ್ನಾ? ಇಲ್ಲಾ, ನನ್ನ ಕರ್ಸಕ್ಕೆ ಅಂತ ಗಂಡ ಹೆಂಡ್ತಿ ಹೂಡಿದ್ದ ಆಟನಾ? ಈ ನನ್ಮಗ ಈಗ್ಲೂ ನಗ್ತಾನೆ, ಹೇಳಲ್ಲ."

"ಆಟ ಆಡಕ್ಕೆ ನಂಗೆ ಎಚ್ಚರ ಎಲ್ಲಿತ್ತೋ ಮಾರಾಯ," ಎಂದ ತಿಮ್ಮೇಗೌಡ. ನಗುತ್ತಿದ್ದ, ಆದರೆ ಕಣ್ಣು ನನ್ನ ಮೇಲಿತ್ತು. ನಿಂಗಮ್ಮನ ಕೈ ಒಲೆಯ ಮುಂದೆ ನಿಂತುಹೋಗಿತ್ತು.

ಹೇಳಬೇಕಾದ ವಾಕ್ಯ ನನ್ನ ಬಾಯಲ್ಲೇ ಇತ್ತು. ಇಲ್ಲ, ಅವನು ಸಾಯುವ ಹಾಗಿರಲಿಲ್ಲ, ನನಗೆ ಗೊತ್ತಿತ್ತು, ಅದಕ್ಕೇ ಕತ್ತರಿಸಲಿಲ್ಲ. ಅದನ್ನು ಹೇಳಿದ್ದರೆ ನನ್ನ ಆ ದಿನದ ನಿರ್ಧಾರ ಗೆಲ್ಲುತ್ತಿತ್ತು. ಈರೇಗೌಡ ಎದ್ದು ಹೋಗುತ್ತಿದ್ದನೋ ಏನೋ. ಆದರೆ ನಾನು ತಡೆದದ್ದು ಅವರ ಸಂಸಾರದ ಮೇಲಿನ ಕಾಳಜಿಯಿಂದ ಎಂದು ಹೇಳಿಕೊಂಡರೆ ಸುಳ್ಳಾಗುತ್ತದೆ. ಆ ವಾಕ್ಯ ನಿಜವೇ ಎಂದು ನನಗೇ ತಿಳಿಯಲಿಲ್ಲ. ಅಂದು ನನಗೆ ಏನು ಗೊತ್ತಿತ್ತು? ಸೂಜಿಯಲ್ಲಿ ಸ್ವಲ್ಪ ರಕ್ತ, ಮಸುಕಾದ ಒಂದು ಚಿತ್ರ, ದೂರದ ಯಾರೋ ಬರೆದ ಪತ್ರಿಕೆ.

"ಗೊತ್ತಿಲ್ಲ ಗೌಡ್ರೇ," ಎಂದೆ. "ಅವತ್ತೂ ಗೊತ್ತಿರಲಿಲ್ಲ. ಉಳಿಯಬಹುದು ಅನ್ನಿಸಿತ್ತು. ಸಾಯಲೂಬಹುದಿತ್ತು."

"ಗೊತ್ತಿಲ್ದೇನೇ ಮಲಗಿಸ್ಕಂಡಿದ್ರಾ?"

"ಹೌದು."

ಬೈಯುತ್ತಾನೆಂದೇ ನಾನು ಕಾದೆ. ಅವನು ಮೀಸೆ ಒರೆಸಿಕೊಂಡು, ತಮ್ಮನ ಕಡೆ ತಿರುಗದೆ, ಗೋಡೆಗೆ ಹೇಳುವಂತೆ ಹೇಳಿದ:

"ನಾನೂ ಹಂಗೇ ಕಣ್ರೀ ಇವ್ನ ಪಕ್ಕ ಕೂತಿದ್ದು."